ನಾಯಿ, ಬೆಕ್ಕಿನ ಮುರಿದ ಕಾಲಿಗೆ ಪ್ಲಾಸ್ಟರ್ ಸಾಕೋ, ಪ್ಲೇಟ್ ಬೇಕೋ?

ಪ್ಲಾಸ್ಟರಿಗೆ ಖರ್ಚು ಕಡಿಮೆ, ನಿಜ. ಆದರೆ ಎಕ್ಸ್‌ರೇಯಲ್ಲಿ ಮೊದಲು ನೋಡಬೇಕಾದ್ದು ಮೂಳೆ ಎಲ್ಲಿ ಮುರಿದಿದೆ ಎಂಬುದನ್ನು.

ಮೊಣಕಾಲಿನ ಕೆಳಗೆ ಬರೀ ಬಿರುಕು ಬಿಟ್ಟಿದ್ದರೆ, ಅದೂ ಮರಿಯಾಗಿದ್ದರೆ, ಹೆಚ್ಚಾಗಿ ಪ್ಲಾಸ್ಟರ್ ಸಾಕು. ತೊಡೆಮೂಳೆಗೆ ಅದು ಆಗದು. ಮುರಿದ ಜಾಗದ ಮೇಲಿನ, ಕೆಳಗಿನ ಎರಡೂ ಕೀಲು ಅಲುಗಬಾರದು. ಸೊಂಟದ ಕೀಲನ್ನು ಪ್ಲಾಸ್ಟರ್ ಹಿಡಿದಿಡಲಾರದು. ಅಲ್ಲಿ ಆಪರೇಷನ್ ಮಾಡಿ ಮೂಳೆಗೆ ಲೋಹದ ಪ್ಲೇಟ್ ಅಥವಾ ರಾಡ್ ಕೂರಿಸಬೇಕು. ಪೊಮೆರೇನಿಯನ್‌ನಂಥ ಪುಟ್ಟ ನಾಯಿಯ ಮುಂಗಾಲಿಗೂ ನಾನು ಪ್ಲೇಟನ್ನೇ ಹೇಳುವುದು. ಮಣಿಕಟ್ಟಿನ ಹತ್ತಿರ ರಕ್ತ ಸಂಚಾರ ಕಡಿಮೆ, ಪ್ಲಾಸ್ಟರಿನೊಳಗೆ ಮೂಳೆ ಕೂಡದೇ ಉಳಿಯುವುದುಂಟು.

ಮಂಗಳೂರು, ಉಡುಪಿಯವರಿಗೆ ಇನ್ನೊಂದು ಲೆಕ್ಕವಿದೆ: ಮಳೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಪಟ್ಟಿ ಒಮ್ಮೆ ಒದ್ದೆಯಾದರೆ ಒಳಗಿನ ಹತ್ತಿ ಒಣಗುವುದೇ ಇಲ್ಲ. ಚರ್ಮ ಬೆಳ್ಳಗೆ ಮೆತ್ತಗಾಗಿ ಹುಣ್ಣಾಗುತ್ತದೆ. ಅಂಗಳಕ್ಕೆ ಇಳಿಸುವಾಗ ಪ್ಲಾಸ್ಟಿಕ್ ಕಟ್ಟಿ, ಒಳಗೆ ಬಂದ ಕೂಡಲೇ ಬಿಚ್ಚಿ. ಬೆರಳು ಊದಿದರೆ, ವಾಸನೆ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಮತ್ತೆ ಮತ್ತೆ ಪಟ್ಟಿ ಬದಲಿಸುವ ಖರ್ಚು ಸೇರಿದರೆ ಪ್ಲಾಸ್ಟರ್ ಅಷ್ಟೇನೂ ಅಗ್ಗವಲ್ಲ.

ಪ್ಲೇಟ್ ಹಾಕಿಸಿದರೆ ಕೆಲವೇ ದಿನಗಳಲ್ಲಿ ಕಾಲು ಊರಬಹುದು, ಆದರೆ ಓಟ, ಜಿಗಿತ ಬೇಡ. ಬೆಳೆದ ನಾಯಿಯ ಮೂಳೆ ಕೂಡಲು ಸಾಮಾನ್ಯವಾಗಿ 8ರಿಂದ 12 ವಾರ. ನುಣುಪು ನೆಲಕ್ಕೆ ಗೋಣಿ ಹಾಸಿ. ಬೆಕ್ಕನ್ನು ದೊಡ್ಡ ಗೂಡಿನಲ್ಲೇ ಇಡಿ. ಇಲ್ಲದಿದ್ದರೆ ಕಪಾಟು ಹತ್ತಿಯೇ ಹತ್ತುತ್ತದೆ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.