ಊಟ ಆದ ಮೇಲಿನ ಸಿಹಿ ಗ್ಲಾಸು: ರೂಬಿ, ಟಾನಿ, ಪಿಎಕ್ಸ್, ಜೊತೆಗೆ ನಮ್ಮೂರಿನದೊಂದು

ಸಿಹಿ ವೈನ್ ಅಂದ ತಕ್ಷಣ ಬೆಂಗಳೂರಿನಲ್ಲಿ ವೈನ್ ಕುಡಿಯುವವರೇ ಮೂಗು ಮುರಿಯುತ್ತಾರೆ. ಸುಮ್ನೆ ಅಲ್ಲ ಬಿಡಿ. ನಮ್ಮಲ್ಲಿ 'ಪೋರ್ಟ್' ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಹೆಚ್ಚಿನದು ಸಿಹಿ ಮಾಡಿದ ಕೆಂಪು ವೈನ್, ಅಷ್ಟೇ. ಅಸಲಿ ಪೋರ್ಟ್ ಪೋರ್ಚುಗಲ್‌ನ ಡೋರೊ ಕಣಿವೆಯದು. ಅಲ್ಲಿ ದ್ರಾಕ್ಷಿ ರಸ ಇನ್ನೂ ಹುದುಗುತ್ತಿರುವಾಗಲೇ, ಸುಮಾರು ಅರ್ಧ ಸಕ್ಕರೆ ಉಳಿದಿರುವಾಗ, ಶೇ 77ರಷ್ಟು ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. ಯೀಸ್ಟ್ ಅಲ್ಲಿಗೇ ಸತ್ತು ಹೋಗುತ್ತದೆ. ಉಳಿದ ಸಿಹಿ ದ್ರಾಕ್ಷಿಯದೇ. ಬಾಟಲಿಯಲ್ಲಿ ಆಲ್ಕೋಹಾಲ್ ಶೇ 19ರಿಂದ 22ರವರೆಗೆ ಇರುತ್ತದೆ. ಹಾಗಾಗಿ 60 ಮಿಲಿ ಧಾರಾಳ ಸಾಕು.

ಇಂಥ ಬಾಟಲಿಗಳನ್ನು ಮನೆಯಲ್ಲಿ ಪಕ್ಕಪಕ್ಕ ಇಟ್ಟು, ಗೆಳೆಯರ ಜೊತೆ ಕೂತು ರುಚಿ ನೋಡಿದೆ. ಯಾವುದು ಗೆದ್ದಿತು ಅಂತ ಮೊದಲೇ ಹೇಳಿಬಿಡುತ್ತೇನೆ: 10 ವರ್ಷದ ಟಾನಿ, ಅಂದರೆ ಮರದ ಪೀಪಾಯಿಯಲ್ಲಿ ಮಾಗಿದ ಪೋರ್ಟ್. ಈ ಊರಿನ ಸೆಖೆಗೂ ನಮ್ಮ ತಿಂಡಿಗಳಿಗೂ ಒಗ್ಗುವುದು ಅದೇ.

ರೂಬಿ ಚಿಕ್ಕ ವಯಸ್ಸಿನ ಪೋರ್ಟ್. ಗಾಳಿ ಜಾಸ್ತಿ ಸೋಕದ ಹಾಗೆ ದೊಡ್ಡ ತೊಟ್ಟಿಗಳಲ್ಲಿ ಎರಡು ಮೂರು ವರ್ಷ ಇಟ್ಟು ಬಾಟಲಿಗೆ ತುಂಬುತ್ತಾರೆ. ಗಾಢ ಕೆಂಪು ಬಣ್ಣ, ಚೆರ್ರಿ, ಪ್ಲಮ್, ಕೊನೆಯಲ್ಲಿ ಸ್ವಲ್ಪ ಮೆಣಸು. ಕಹಿ ಚಾಕೊಲೇಟ್ ಜೊತೆ ಇದನ್ನು ಮೀರಿಸುವುದು ಕಷ್ಟ. ಆದರೆ ಪುಸ್ತಕಗಳು 'ಕೋಣೆಯ ಉಷ್ಣಾಂಶದಲ್ಲಿ ಕುಡಿಯಿರಿ' ಅನ್ನುವಾಗ ಅವರ ಮನಸ್ಸಿನಲ್ಲಿರುವುದು ಯುರೋಪಿನ ಕೋಣೆ. ಏಪ್ರಿಲ್‌ನ ಬೆಂಗಳೂರಿನಲ್ಲಿ ಹಾಗೇ ಸುರಿದರೆ ಮೂಗಿಗೆ ಮೊದಲು ಹೊಡೆಯುವುದು ಸ್ಪಿರಿಟ್. ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ. ತೆರೆದ ಮೇಲೆ ಒಂದೆರಡು ವಾರದಲ್ಲಿ ಹಣ್ಣಿನ ರುಚಿ ಮಂಕಾಗುತ್ತದೆ.

ಟಾನಿಯ ಕಥೆ ಉಲ್ಟಾ. ಅದು ವರ್ಷಗಟ್ಟಲೆ ಮರದ ಪೀಪಾಯಿಯಲ್ಲೇ ಕೂತಿರುತ್ತದೆ. ಒಂದೊಂದು ಪೀಪಾಯಿ ಸುಮಾರು 550 ಲೀಟರ್. ಮರದ ಮೂಲಕ ನಿಧಾನಕ್ಕೆ ಗಾಳಿಯಾಡಿ ಕೆಂಪು ಕರಗಿ ಇಟ್ಟಿಗೆ ಬಣ್ಣಕ್ಕೆ ಬರುತ್ತದೆ. ಲೇಬಲ್ ಮೇಲಿನ 10 ವರ್ಷ ಅನ್ನುವುದು ಒಂದೇ ಬೆಳೆಯ ವಯಸ್ಸಲ್ಲ. ಹಳೆಯದು, ಹೊಸದು ಬೆರೆಸಿ ಆ ವಯಸ್ಸಿನ ರುಚಿಗೆ ತಂದಿರುತ್ತಾರೆ. ಅಕ್ರೋಟು, ಒಣ ಅಂಜೂರ, ಕಂದು ಬರಿಸಿದ ಸಕ್ಕರೆ ಎಲ್ಲ ಅದರಲ್ಲಿ ಸಿಗುತ್ತವೆ. ಚೆನ್ನಾಗಿ ತಣ್ಣಗೆ ಕುಡಿಯಬಹುದು. ಗಾಳಿಗೆ ಮೊದಲೇ ಒಗ್ಗಿಕೊಂಡಿರುವುದರಿಂದ ತೆರೆದ ಬಾಟಲಿ ಫ್ರಿಜ್‌ನಲ್ಲಿ ತಿಂಗಳು ಬಾಳುತ್ತದೆ.

ಇನ್ನು ತಿಂಡಿ. ವೈನ್ ಯಾವಾಗಲೂ ತಿಂಡಿಗಿಂತ ಒಂದು ಕೈ ಜಾಸ್ತಿ ಸಿಹಿ ಇರಬೇಕು. ಮೈಸೂರು ಪಾಕ್ ತಿಂದು ರೂಬಿ ಕುಡಿದರೆ ಪೋರ್ಟ್ ಹುಳಿ ಹುಳಿ, ತೆಳ್ಳಗೆ ಅನಿಸುತ್ತದೆ. ಜಾಮೂನಿನ ಮುಂದಂತೂ ಟಾನಿಯೂ ಸೋಲುತ್ತದೆ. ಧಾರವಾಡ ಪೇಡ ಮಾತ್ರ ಬೇರೆ. ಅದರ ಮೇಲಿನ ಸಕ್ಕರೆ ಪುಡಿಯನ್ನು ಬೆರಳಲ್ಲಿ ಉದುರಿಸಿ, ಕಾಲು ತುಂಡು ಬಾಯಿಗೆ ಹಾಕಿಕೊಂಡು, ಅದು ಕರಗುತ್ತಿರುವಾಗಲೇ ಟಾನಿಯ ಒಂದು ಗುಟುಕು. ಬಾಣಲೆಯಲ್ಲಿ ಮಗುಚಿ ಮಗುಚಿ ಕಂದು ಬಂದ ಹಾಲಿನ ಘಮಕ್ಕೆ ಪೀಪಾಯಿಯಿಂದ ಬಂದ ಘಮ ಸಲೀಸಾಗಿ ಬೆರೆಯುತ್ತದೆ. ಪೇಡದ ಪೆಟ್ಟಿಗೆ ಖಾಲಿಯಾಗಲು ಹೊತ್ತು ಹಿಡಿಯಲಿಲ್ಲ.

ಪಿಎಕ್ಸ್ ಎಂದರೆ ಸ್ಪೇನ್‌ನ ಪೆದ್ರೊ ಹಿಮೆನೆಸ್ ಶೆರಿ. ಶೆರಿಯೂ ಪೋರ್ಟ್ ಹಾಗೆ ಸ್ಪಿರಿಟ್ ಬೆರೆಸಿದ ವೈನ್. ಅದೇ ಹೆಸರಿನ ದ್ರಾಕ್ಷಿಯನ್ನು ಬಿಸಿಲಿಗೆ ಹರಡಿ, ಸುಕ್ಕುಗಟ್ಟಿದ ಮೇಲೆ ಹಿಂಡುತ್ತಾರೆ. ಗಟ್ಟಿ ಡಿಕಾಕ್ಷನ್ ಹಾಗೆ ಕಪ್ಪಗೆ, ಗ್ಲಾಸಿನ ಗೋಡೆಗೆ ಅಂಟಿಕೊಳ್ಳುತ್ತದೆ. ಸಕ್ಕರೆ ಲೀಟರಿಗೆ 300 ಗ್ರಾಂ ದಾಟುವುದು ಸಾಮಾನ್ಯ. ಪೋರ್ಟ್‌ನಲ್ಲಿ ಸುಮಾರು 100 ಗ್ರಾಂ ಅಷ್ಟೇ. ಜಾಮೂನಿಗೆ ಎದುರು ನಿಂತದ್ದು ಇದೊಂದೇ. ಕುಡಿಯಲು ಎರಡು ಗುಟುಕು ಸಾಕು, ಮೂರನೆಯದು ಶಿಕ್ಷೆ. ವೆನಿಲ್ಲಾ ಐಸ್‌ಕ್ರೀಮ್ ಮೇಲೆ ಒಂದು ಚಮಚ ಸುರಿದರೆ ಮಾತ್ರ ಮಾತೇ ಇಲ್ಲ. ಚಿಕ್ಕ ಬಾಟಲಿ ಸಿಕ್ಕರೆ ಅದೇ ತಗೊಳ್ಳಿ.

ಕೊನೆಯದು ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯ ಈ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಮೂಸಿದರೆ ಥೇಟ್ ಅಂಗಡಿಯ ದ್ರಾಕ್ಷಿ ಜ್ಯೂಸ್. ಪೋರ್ಟ್ ಜೊತೆ ಹೋಲಿಸಿದರೆ ಅದಕ್ಕೂ ಅನ್ಯಾಯ, ಪೋರ್ಟಿಗೂ ಅನ್ಯಾಯ. ಆದರೆ ಕ್ರಿಸ್‌ಮಸ್ ಪ್ಲಮ್ ಕೇಕಿಗೆ ಒಣದ್ರಾಕ್ಷಿ ನೆನೆಸಲು ನಾನು ಇದನ್ನೇ ತರುವುದು. ಅಲ್ಲಿಗೆ ಟಾನಿ ಸುರಿಯುವುದು ದುಡ್ಡು ದಂಡ, ಅಲ್ವಾ?

ಟಾನಿ ಕೊಂಡರೆ ಬಾಟಲಿಯನ್ನು ನಿಲ್ಲಿಸಿಯೇ ಇಡಿ. ಸಾಮಾನ್ಯವಾಗಿ ಅದರ ಬಿರಡೆ ಪ್ಲಾಸ್ಟಿಕ್ ತಲೆಯ ಗಿಡ್ಡ ಕಾರ್ಕ್. ಮಲಗಿಸಿದರೆ ಸೋರಬಹುದು.