ಕಂಪ್ಯೂಟರ್ ನಿರ್ವಹಣೆಯವರನ್ನು ಬದಲಿಸುವುದು: ಒಂದೇ ದಿನಕ್ಕೋ, ಒಂದು ತಿಂಗಳಿಗೋ?

ಬೆಳಗಾವಿಯ ಉದ್ಯಮಬಾಗದ ನಿಮ್ಮ ಫೌಂಡ್ರಿಗೆ ಎರಡು ದಾರಿಗಳಿವೆ: ಹಳಬರನ್ನು ಒಂದೇ ದಿನ ಬಿಡಿಸುವುದು, ಇಲ್ಲವೇ ಒಂದು ತಿಂಗಳು ಹಳಬರು, ಹೊಸಬರು ಇಬ್ಬರನ್ನೂ ಇಟ್ಟುಕೊಳ್ಳುವುದು. ಖರ್ಚಿನಲ್ಲಿ ಮೊದಲನೆಯದೇ ಹಗುರ.

ಸುರಕ್ಷತೆಯ ಮಾತೇ ಬೇರೆ. ಅಡ್ಮಿನ್ ಪಾಸ್‌ವರ್ಡ್, ಡೊಮೇನ್ (ಸಂಸ್ಥೆಯ ಇಂಟರ್ನೆಟ್ ವಿಳಾಸ) ಖಾತೆ ಹಳಬರ ಕೈಯಲ್ಲೇ ಉಳಿದರೆ, ಮರುದಿನ ಇ-ಮೇಲ್ ನಿಂತಾಗ ಕೇಳುವವರಿರುವುದಿಲ್ಲ. ನಮ್ಮ ಅಂಗಡಿಗೆ ಹಳಬರು ಬ್ಯಾಕಪ್ ಡಿಸ್ಕ್ ಕೊಟ್ಟಿದ್ದರು. ತೆರೆದರೆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಫೋಲ್ಡರ್ ಖಾಲಿ! ಒಪ್ಪಂದ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅಂದೇ ಸಂಜೆ ಬಂದು ಸರಿಪಡಿಸಿದರು.

ಮೂರ್ನಾಲ್ಕು ಕಂಪ್ಯೂಟರ್‌ಗಳಿದ್ದು, ಖಾತೆಗಳೆಲ್ಲ ನಿಮ್ಮ ಹೆಸರಿನಲ್ಲೇ ಇದ್ದರೆ ಒಂದು ಭಾನುವಾರ ಸಾಕು. ಸ್ವಂತ ಸರ್ವರ್ ಇದ್ದರೆ ಒಂದು ತಿಂಗಳು ಎರಡು ಬಿಲ್ ಕಟ್ಟುವುದೇ ಲೇಸು. ಮನಸ್ತಾಪವಾಗಿದ್ದರೆ ಮಾತ್ರ ತಿಂಗಳ ಜೊತೆವಾಸ ಬೇಡ. ಪಾಸ್‌ವರ್ಡ್‌ಗಳನ್ನು ಪಡೆದ ಮೇಲೆಯೇ ನೋಟಿಸ್ ಕೊಡಿ. ಪ್ರತಿ ತಿಂಗಳು ಜಿಎಸ್‌ಟಿ ಸಲ್ಲಿಸುವವರು ಎಂದಾದರೆ, 20ರ ಗಡುವು ದಾಟಿದ ಮೇಲೆ ಕೈ ಹಾಕಿ.