ಕನ್ನಡದಲ್ಲಿ ಸಂದರ್ಶನ ಕೊಡುವವರಿಗೆ ಯುಪಿಎಸ್‌ಸಿ ಮಾಕ್ ಇಂಟರ್‌ವ್ಯೂ ಎಷ್ಟು ಉಪಯೋಗ?

ಸೇವೆ: ಕೋಚಿಂಗ್ ಕೇಂದ್ರಗಳ ಮಾಕ್ ಇಂಟರ್‌ವ್ಯೂ
ಬಳಕೆ: ಸತತ ನಾಲ್ಕು ಬ್ಯಾಚ್
ಅಂಕ: 5ಕ್ಕೆ 3

ನಾಗರಿಕ ಸೇವಾ ಪರೀಕ್ಷೆಯ ಒಟ್ಟು 2025 ಅಂಕಗಳಲ್ಲಿ ಸಂದರ್ಶನದ ಪಾಲು 275. ಮೇನ್ಸ್ (ಮುಖ್ಯ ಲಿಖಿತ ಪರೀಕ್ಷೆ) ಮುಗಿದ ಮೇಲೆ ನಮ್ಮ ಕೈಯಲ್ಲಿರುವುದು ಅಷ್ಟೇ. ಹಾಗಾಗಿ ಎಲ್ಲರೂ ಮಾಕ್‌ಗಳಿಗೆ, ಅಂದರೆ ಅಣಕು ಸಂದರ್ಶನಗಳಿಗೆ ಮುಗಿಬೀಳುತ್ತಾರೆ. ಹೆಚ್ಚಿನವು ಉಚಿತ. ಮೊದಲೇ ಡಿಎಎಫ್ (ಊರು, ಓದು, ಹವ್ಯಾಸ ಎಲ್ಲ ತುಂಬಿಸಿ ಯುಪಿಎಸ್‌ಸಿಗೆ ಕೊಟ್ಟ ವಿವರವಾದ ಅರ್ಜಿ) ಕಳಿಸಬೇಕು, ಮೂರರಿಂದ ಐದು ಜನರ ಪ್ಯಾನೆಲ್ ಅರ್ಧ ಗಂಟೆ ಕೂರಿಸುತ್ತದೆ, ಆಮೇಲೆ ವಿಡಿಯೊ ಕೊಡುತ್ತಾರೆ.

ನಿಜವಾದ ಲಾಭ ಡಿಎಎಫ್ ಪ್ರಶ್ನೆಗಳಲ್ಲಿದೆ. ಹುಟ್ಟೂರು ಬಾಗಲಕೋಟೆ ಎಂದಿದ್ದರೆ ಆಲಮಟ್ಟಿ ಅಣೆಕಟ್ಟೆಗೆ ಸಿದ್ಧರಿರಬೇಕು: ಅದರ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಎತ್ತರಿಸುವುದು ಸರಿಯೇ? 2010ರಲ್ಲಿ ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿದೆ ಎಂದಷ್ಟೇ ಹೇಳಿ ನಿಲ್ಲಿಸಿದರೆ ಮರುಪ್ರಶ್ನೆಗೆ ಸಿಕ್ಕಿಬೀಳುತ್ತೀರಿ. ಮಹಾರಾಷ್ಟ್ರದ ಸಾಂಗ್ಲಿ, ಕೊಲ್ಹಾಪುರದವರ ಪ್ರವಾಹದ ಭಯಕ್ಕೆ ಏನು ಹೇಳುತ್ತೀರಿ? ನಿಮ್ಮದೇ ಜಿಲ್ಲೆಯಲ್ಲಿ ಮುಳುಗುವ ಊರುಗಳಿಗೆ? ಒಳ್ಳೆಯ ಪ್ಯಾನೆಲ್ ಆದರೆ ಈ ಮೂರನೆಯ ಪ್ರಶ್ನೆಯವರೆಗೂ ಬಿಡದೆ ಹಿಡಿಯುತ್ತದೆ. ಸಾಧಾರಣ ಪ್ಯಾನೆಲ್ ಪತ್ರಿಕೆಯ ತಲೆಬರಹ ಕೇಳಿ ಕಳಿಸುತ್ತದೆ.

ಮಾಕ್‌ಗಳಿಗೆ ನಾವು ಎರಡು ಅಂಕ ಕಳೆದದ್ದು ಭಾಷೆಯ ಕಾರಣಕ್ಕೆ. ಮೇನ್ಸ್ ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಕೊಡಬಹುದು, ದುಭಾಷಿ ಇರುತ್ತಾರೆ. ನಾವು ನೋಡಿದ ಮಾಕ್‌ಗಳಲ್ಲಿ ದುಭಾಷಿಯೇ ಇಲ್ಲ! ಅಲ್ಲಿ ಪಳಗಿದವರು ಎರಡು ನಿಮಿಷ ಒಂದೇ ಉಸಿರಿಗೆ ಮಾತಾಡುತ್ತಾರೆ. ಅಷ್ಟು ಉದ್ದದ ಮಾತನ್ನು ಯಾವ ದುಭಾಷಿಯೂ ಪೂರ್ತಿ ದಾಟಿಸಲಾರರು. ಉದಾಹರಣೆ, ಅಂಕಿಅಂಶವೇ ಮೊದಲು ಉದುರಿಹೋಗುತ್ತವೆ. ಮೂರು ವಾಕ್ಯ ಹೇಳಿ ನಿಲ್ಲಿ, ಮೊದಲ ವಾಕ್ಯದಲ್ಲೇ ನಿಲುವು ಇರಲಿ. 'ವಿತ್ತೀಯ ಕೊರತೆ' ಎಂದು ತಡಕಾಡುವ ಬದಲು 'ಫಿಸ್ಕಲ್ ಡೆಫಿಸಿಟ್' ಎಂದರೆ ಅನುವಾದದಲ್ಲಿ ಎಡವಟ್ಟಾಗದು. ಇಂಗ್ಲಿಷ್ ಪ್ರಶ್ನೆ ಅರ್ಥವಾಯಿತೆಂದು ದುಭಾಷಿ ಬಾಯಿ ತೆರೆಯುವ ಮೊದಲೇ ಉತ್ತರಿಸಬೇಡಿ. ಆ ಹತ್ತು ಸೆಕೆಂಡು ನಿಮಗೆ ಪುಕ್ಕಟೆ ಸಿಗುವ ಯೋಚನೆಯ ಸಮಯ. ಇದನ್ನೆಲ್ಲ ರೂಮ್‌ಮೇಟ್ ಒಬ್ಬರನ್ನು ದುಭಾಷಿಯಾಗಿ ಕೂರಿಸಿಕೊಂಡೇ ಕಲಿಯಬೇಕು.

ವಿಡಿಯೊವನ್ನು ಒಮ್ಮೆ ದನಿ ಮುಚ್ಚಿ ನೋಡಿ, ಕಾಲು ಕುಣಿಸುವುದು, ಒಬ್ಬರನ್ನೇ ದಿಟ್ಟಿಸುವುದು ಕಾಣುತ್ತದೆ. ಇನ್ನೊಮ್ಮೆ ಬರೀ ಕೇಳಿ, 'ಅಂದ್ರೆ', 'ಬೇಸಿಕಲಿ' ಎಷ್ಟಿವೆ ಎಂದು ಎಣಿಸಿ.

ಸಲಹೆಗಳಲ್ಲಿ ತಾಳಮೇಳ ನಿರೀಕ್ಷಿಸಬೇಡಿ. ಒಂದು ಕಡೆ ನಗು ಜಾಸ್ತಿ ಅಂದರೆ ಇನ್ನೊಂದು ಕಡೆ ಮುಖ ಗಂಟು ಅನ್ನುತ್ತಾರೆ. ಎರಡು ಪ್ಯಾನೆಲ್ ಬೇರೆಬೇರೆಯಾಗಿ ಹೇಳಿದ್ದನ್ನು ಮಾತ್ರ ತಿದ್ದಿಕೊಳ್ಳಿ. ಮೂರ್ನಾಲ್ಕು ಮಾಕ್ ಸಾಕು, ನಡುವೆ ಮೂರು ದಿನವಾದರೂ ಬಿಡುವಿರಲಿ. ಆರು ದಾಟಿದರೆ ಉತ್ತರ ಬಾಯಿಪಾಠದಂತೆ ಕೇಳಿಸುತ್ತದೆ.

ಉಚಿತವಾದದ್ದಕ್ಕೂ ಬೆಲೆಯಿದೆ. ಫಲಿತಾಂಶದ ಮರುದಿನ ನಿಮ್ಮ ಫೋಟೊ ಜಾಹೀರಾತಿನಲ್ಲಿರುತ್ತದೆ. ಬರೀ ಸಂದರ್ಶನಕ್ಕೆ ಬಂದವರನ್ನು ಪೂರ್ಣ ಕೋರ್ಸಿನ ವಿದ್ಯಾರ್ಥಿಗಳಂತೆ ತೋರಿಸಿದ್ದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹಲವು ಸಂಸ್ಥೆಗಳಿಗೆ ದಂಡ ಹಾಕಿದೆ. ನೋಂದಣಿ ಫಾರ್ಮಿನ ಕೊನೆಯ ಸಣ್ಣಕ್ಷರ ಓದಿ, ಫೋಟೊ ಬಳಸಲು ಒಪ್ಪಿಗೆಯಿಲ್ಲದಿದ್ದರೆ ಆ ಸಾಲು ಹೊಡೆದುಹಾಕಿ ಸಹಿ ಮಾಡಿ.